ಹಾಸನದ ಸಾದಾ ಜಿಮ್‌ನಲ್ಲಿ ಬಾರ್ಬೆಲ್ ಶುರು ಮಾಡೋಕೆ ಯಾವ ಪ್ರೋಗ್ರಾಂ ಹಿಡೀಲಿ?

ಹೊಸಬ_ಹಾಸನ:
ನಮಸ್ಕಾರ ಎಲ್ರಿಗೂ. ವಯಸ್ಸು 24, ಎತ್ತರ 5 ಅಡಿ 8 ಇಂಚು, ತೂಕ 58 ಕಿಲೋ. ಶಕ್ತಿನೂ ಬೇಕು, ಮೈನೂ ತುಂಬಬೇಕು. ಮನೆ ಹತ್ರದ ಜಿಮ್‌ಗೆ ಸೇರಿದೀನಿ. ಅಲ್ಲಿರೋದು ಇಷ್ಟು: ಒಂದು ಉದ್ದದ ರಾಡ್, ಒಂದು ಗಿಡ್ಡ ರಾಡ್, ಬೆಂಚು, ಸ್ಕ್ವಾಟ್ ಸ್ಟ್ಯಾಂಡು (ಪಕ್ಕದಲ್ಲಿ ತಡೆಯೋ ಕಂಬಿ ಇಲ್ಲ), ಸ್ಮಿತ್ ಮಷಿನ್, ಕೇಬಲ್, ಡಂಬೆಲ್ಸ್. ಪ್ಲೇಟುಗಳಲ್ಲಿ ಅತಿ ಚಿಕ್ಕದು 2.5 ಕಿಲೋ.

ಟ್ರೇನರ್ ಹೇಳಿದ್ದು: ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್, ಗುರುವಾರ ಬೈಸೆಪ್ಸ್, ಶುಕ್ರವಾರ ಟ್ರೈಸೆಪ್ಸ್. ಕಾಲು ಯಾವಾಗ ಅಂದ್ರೆ "ಶನಿವಾರ, ಟೈಮ್ ಇದ್ರೆ ಮಾಡು" ಅಂದ್ರು. ಜೊತೆಗೆ ಮಾಸ್ ಗೇನರ್ (ತೂಕ ಏರಿಸೋ ಪುಡಿ) ಡಬ್ಬ ತಗೋ ಅಂತ ದಿನಾ ಒತ್ತಾಯ. ನೆಟ್ಟಲ್ಲಿ ನೋಡಿದ್ರೆ ಸ್ಟಾರ್ಟಿಂಗ್ ಸ್ಟ್ರೆಂತ್, ಸ್ಟ್ರಾಂಗ್‌ಲಿಫ್ಟ್ಸ್ 5×5, ಗ್ರೇಸ್ಕಲ್, ಜಿಝಡ್‌ಸಿಎಲ್‌ಪಿ, 5/3/1 ಅಂತ ಒಂದು ಸಂತೆನೇ ಇದೆ. ಓದ್ತಾ ಓದ್ತಾ ತಲೆ ಕೆಟ್ಟೋಯ್ತು. ವಾರಕ್ಕೆ ಮೂರು ದಿನ ಸಂಜೆ ಬಿಡುವು ಸಿಗುತ್ತೆ. ಯಾವುದು ಹಿಡೀಲಿ?

ಕಬ್ಬಿಣದ_ಕಡಲೆ:
ಪ್ರೋಗ್ರಾಂ ಆಮೇಲೆ ನೋಡೋಣ ತಮ್ಮಾ. ನಿನ್ನ ಜಿಮ್ಮಿನ ರಾಡ್ ಎಷ್ಟು ತೂಕ ಇದೆ, ಮೊದಲು ಹೇಳು.

ಹೊಸಬ_ಹಾಸನ:
ಅದೇ ಸರ್ ಗೊತ್ತಿಲ್ಲ. ಒಬ್ರು 20 ಅಂತಾರೆ, ಇನ್ನೊಬ್ರು "ರಾಡ್ ಲೆಕ್ಕಕ್ಕಿಲ್ಲ, ಪ್ಲೇಟ್ ಮಾತ್ರ ಎಣಿಸು" ಅಂತಾರೆ.

ಕಬ್ಬಿಣದ_ಕಡಲೆ:
ಅಂದ್ಕೊಂಡೆ. ನಮ್ಮ ಕಡೆ ಜಿಮ್‌ಗಳಲ್ಲಿ ಇದೇ ಕಥೆ. 20 ಕಿಲೋ ಅನ್ನೋದು ಒಲಿಂಪಿಕ್ ಬಾರಿನ ತೂಕ. ಅದು 2.2 ಮೀಟರ್ ಉದ್ದ ಇರುತ್ತೆ, ಪ್ಲೇಟ್ ಕೂರೋ ತುದಿ 50 ಮಿಲಿಮೀಟರ್ ದಪ್ಪ, ಆ ತುದಿ ತಿರುಗುತ್ತೆ. ಹೆಂಗಸರ ಬಾರ್ 15 ಕಿಲೋ. ಉದ್ದಕ್ಕೂ ಒಂದೇ ದಪ್ಪ ಇದ್ದು, ತುದೀಲಿ ಸ್ಪ್ರಿಂಗ್ ಲಾಕ್ ಹಾಕೋ ಸಾದಾ ರಾಡ್ ಆದ್ರೆ ಆ 20ರ ಅರ್ಧ ತೂಕನೂ ಇರಲಿಕ್ಕಿಲ್ಲ. ಜಿಮ್‌ನಲ್ಲಿ ಮೈ ತೂಕ ನೋಡೋ ಮಷಿನ್ ಇರುತ್ತಲ್ಲ, ಬರೀ ಕೈಲಿ ಒಂದ್ಸಲ ನಿಂತ್ಕೋ, ರಾಡ್ ಹಿಡ್ಕೊಂಡು ಒಂದ್ಸಲ ನಿಂತ್ಕೋ, ಕಳೆದುಬಿಡು. ಬಂದ ಸಂಖ್ಯೆನ ರಾಡಿನ ಮಧ್ಯೆ ಮಾರ್ಕರ್‌ನಲ್ಲಿ ಬರೆದುಬಿಡು, ಮುಂದೆ ಬರೋರೂ ನೆನೆಸ್ಕೋತಾರೆ.

ಇದು ಯಾಕೆ ಮುಖ್ಯ ಅಂದ್ರೆ, ನೀನು ಬರೆದಿರೋ ಆರಂಭಿಕ ಪ್ರೋಗ್ರಾಂಗಳೆಲ್ಲ ನಿಂತಿರೋದು ಒಂದೇ ಕಂಬದ ಮೇಲೆ: ಹೋದ ಸಲಕ್ಕಿಂತ ಈ ಸಲ ಸ್ವಲ್ಪ ಜಾಸ್ತಿ ಎತ್ತಬೇಕು. ಎಷ್ಟು ಎತ್ತಿದೆ ಅಂತಾನೇ ಗೊತ್ತಿಲ್ದೆ ಇದ್ರೆ, ಜಾಸ್ತಿ ಆಯ್ತೋ ಕಮ್ಮಿ ಆಯ್ತೋ ಯಾರಿಗೆ ಗೊತ್ತು?

ಈಗ ಪ್ರೋಗ್ರಾಂ ವಿಷಯ. ಸ್ಟಾರ್ಟಿಂಗ್ ಸ್ಟ್ರೆಂತ್ ಮಾರ್ಕ್ ರಿಪ್ಪೆಟೋ ಅವರದ್ದು. ಪ್ರತಿ ಸಲ ಸ್ಕ್ವಾಟ್ (ರಾಡ್ ಹೆಗಲ ಮೇಲಿಟ್ಟು ಕೂತು ಏಳೋದು) 3×5, ಅಂದ್ರೆ ಮೂರು ಸೆಟ್, ಸೆಟ್‌ಗೆ ಐದು ಸಲ; ಬೆಂಚ್ ಪ್ರೆಸ್ಸು (ಮಲಗಿ ಎದೆಯಿಂದ ಮೇಲಕ್ಕೆ ತಳ್ಳೋದು) ಮತ್ತೆ ನಿಂತು ತಲೆ ಮೇಲಕ್ಕೆ ತಳ್ಳೋ ಓವರ್‌ಹೆಡ್ ಪ್ರೆಸ್ಸು ಒಂದು ಬಿಟ್ಟು ಒಂದು, ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲೋದು) ಒಂದೇ ಸೆಟ್ ಐದು. ಸ್ವಲ್ಪ ದಿನ ಆದ್ಮೇಲೆ ಪವರ್ ಕ್ಲೀನ್ (ನೆಲದಿಂದ ಒಂದೇ ಏಟಿಗೆ ರಾಡನ್ನ ಹೆಗಲಿಗೆ ಎಳೆಯೋದು) ಸೇರಿಸ್ತಾರೆ. ಹೇಳಿಕೊಡೋರು ಇಲ್ದೆ, ತುದಿ ತಿರುಗದ ರಾಡಲ್ಲಿ ಪವರ್ ಕ್ಲೀನ್ ಮಾಡೋಕೆ ಹೋಗ್ಬೇಡ, ಮಣಿಕಟ್ಟು ಉಳಿಯಲ್ಲ. ಸ್ಟ್ರಾಂಗ್‌ಲಿಫ್ಟ್ಸ್ ಅದರ ತಮ್ಮ ಇದ್ದಂಗೆ, ಕ್ಲೀನ್ ಬದಲು ಬಾರ್ಬೆಲ್ ರೋ (ಮುಂದಕ್ಕೆ ಬಗ್ಗಿ ರಾಡನ್ನ ಹೊಟ್ಟೆ ಕಡೆ ಎಳೆಯೋದು), 3 ಸೆಟ್ ಬದಲು 5 ಸೆಟ್. 5×5 ಹೊಸದೇನಲ್ಲ ಬಿಡು, ಅಮೆರಿಕದ ಬಿಲ್ ಸ್ಟಾರ್ 1976ರಲ್ಲೇ ಫುಟ್‌ಬಾಲ್ ಆಡೋ ಹುಡುಗರಿಗೆ ಅಂತ ಬರೆದಿದ್ರು. ಗ್ರೇಸ್ಕಲ್‌ನಲ್ಲಿ ಮೊದಲ ಎರಡು ಸೆಟ್ ಐದೈದು, ಕೊನೇ ಸೆಟ್ ಮಾತ್ರ ಎಷ್ಟಾಗುತ್ತೋ ಅಷ್ಟು.

5/3/1 ನಿಂಗೆ ಈಗ ಬೇಡ. ಜಿಮ್ ವೆಂಡ್ಲರ್ ಚೆನ್ನಾಗೇ ಮಾಡಿದಾರೆ, ಆದ್ರೆ ಅದರಲ್ಲಿ ತೂಕ ಏರೋದು ಹೆಚ್ಚೂಕಮ್ಮಿ ತಿಂಗಳಿಗೊಂದ್ಸಲ. ಹೊಸಬ ಒಂದು ವಾರದಲ್ಲಿ ಏರಿಸೋದನ್ನ ತಿಂಗಳು ಕಾದು ಯಾಕೆ ಏರಿಸ್ಬೇಕು?

ನಾನಾದ್ರೆ ಗ್ರೇಸ್ಕಲ್ ಥರದ್ದೇ ಹಿಡೀತಿದ್ದೆ. ಕಾರಣ ನಿನ್ನ 2.5 ಕಿಲೋ ಪ್ಲೇಟು. ಎರಡೂ ಕಡೆ ಹಾಕಿದ್ರೆ ಒಂದೇ ಏಟಿಗೆ 5 ಕಿಲೋ ಏರುತ್ತೆ. 100 ಕಿಲೋ ಸ್ಕ್ವಾಟ್‌ಗೆ ಅದು 5 ಪರ್ಸೆಂಟು, 25 ಕಿಲೋ ಓವರ್‌ಹೆಡ್ ಪ್ರೆಸ್‌ಗೆ 20 ಪರ್ಸೆಂಟು. ಪ್ರತಿ ಸಲ 20 ಪರ್ಸೆಂಟ್ ಏರಿಸೋ ಗಂಡು ಯಾರೂ ಇಲ್ಲ. ಕೊನೇ ಸೆಟ್ ತೆರೆದಿಟ್ರೆ ಅದೇ ತೂಕದಲ್ಲಿ ಈ ಸಲ 6, ಮುಂದಿನ ಸಲ 8, ಆಮೇಲೆ 10 ಅಂತ ಬೆಳೀಬಹುದು. 10 ದಾಟಿದ್ಮೇಲೆ 5 ಕಿಲೋ ಹಾಕು.

ಗರಡಿ_ಹುಡುಗ:
ಇದೆಲ್ಲ ಇಂಗ್ಲೀಷ್ ಹೆಸರಿನ ಬಣ್ಣ ಅಷ್ಟೇ ಗುರು. ನಮ್ಮ ಅಜ್ಜಂದಿರು ಮಟ್ಟಿಯಲ್ಲಿ ದಂಡ ಬಸ್ಕಿ ಹೊಡೆದೇ ಕುಸ್ತಿ ಆಡಿದ್ದು. 58 ಕಿಲೋ ಹುಡುಗ ಮೊದಲು ಬಸ್ಕಿ ಸರಿಯಾಗಿ ಹೊಡೀಲಿ.

ಕಬ್ಬಿಣದ_ಕಡಲೆ:
ದಂಡ ಬಸ್ಕಿ ಬೇಡ ಅಂದೋರು ಯಾರಪ್ಪ? ಉಸಿರು, ಮಂಡಿ, ಹೆಗಲು ಎಲ್ಲಕ್ಕೂ ಒಳ್ಳೇದು. ಆದ್ರೆ ಬಸ್ಕಿ ಐವತ್ತಾದ್ಮೇಲೆ ನೂರು, ನೂರಾದ್ಮೇಲೆ ಇನ್ನೂರು. ಅದು ದಮ್ಮು ಬೆಳೆಸುತ್ತೆ, ಶಕ್ತಿ ಒಂದು ಹಂತಕ್ಕೆ ನಿಂತುಬಿಡುತ್ತೆ. ಹಳೇ ಪೈಲ್ವಾನರು ಕಲ್ಲುಗುಂಡು ಎತ್ತಿದ್ದು, ಗದೆ ತಿರುಗಿಸಿದ್ದು ಯಾಕೆ ಮತ್ತೆ? ತೂಕ ಬೇಕು ಅಂತಾನೇ. ಇನ್ನು 58 ಕಿಲೋ ಅಂತ ಹೀಯಾಳಿಸ್ಬೇಡ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ವೇಟ್‌ಲಿಫ್ಟಿಂಗ್‌ನಲ್ಲಿ 56 ಕಿಲೋ ವಿಭಾಗದಲ್ಲೇ ಸ್ನ್ಯಾಚ್ (ನೆಲದಿಂದ ಒಂದೇ ಏಟಿಗೆ ತಲೆ ಮೇಲಕ್ಕೆ) 111 ಕಿಲೋ, ಕ್ಲೀನ್ ಅಂಡ್ ಜರ್ಕ್ (ಮೊದಲು ಹೆಗಲಿಗೆ, ಆಮೇಲೆ ತಲೆ ಮೇಲಕ್ಕೆ) 138 ಕಿಲೋ ಎತ್ತಿ ಬೆಳ್ಳಿ ತಂದದ್ದು.

ಗರಡಿ_ಹುಡುಗ:
ಆಯ್ತಪ್ಪ ಒಪ್ದೆ. ವಾರ್ಮಪ್‌ಗಾದ್ರೂ ಬಸ್ಕಿ ಹೊಡೀಲಿ.

ಟ್ರೇನರ್_ಚಿಕ್ಕಮಗಳೂರು:
ನಾನು ಇಲ್ಲೇ ಐ.ಜಿ. ರೋಡ್ ಕಡೆ ಟ್ರೇನಿಂಗ್ ಕೊಡೋನು. ಎಲ್ಲರೂ ಸೇರ್ಕೊಂಡು ಟ್ರೇನರ್‌ಗಳನ್ನ ಬೈತೀರಲ್ಲ, ಒಂದು ಮಾತು ಹೇಳ್ತೀನಿ. ಹುಡುಗ ಕೇಳಿದ್ದು ಶಕ್ತಿ ಮಾತ್ರ ಅಲ್ಲ, ಮಸಲ್ಸ್ ಕೂಡ. 3×5 ಅಂತ ಬರೀ ಸ್ಕ್ವಾಟ್ ಮಾಡಿಸಿದ್ರೆ ಆರು ತಿಂಗಳಾದ್ಮೇಲೆ ತೊಡೆ ಬಂದಿರುತ್ತೆ, ತೋಳು ಎದೆ ಹಾಗೇ ಇರುತ್ತೆ. ಶರ್ಟ್ ಹಾಕ್ದಾಗ ಕಾಣೋದು ತೋಳು ತಾನೇ? ಅದಕ್ಕೇ ನಾವು ದಿನಕ್ಕೊಂದು ಭಾಗ ಅಂತ ಸ್ಪ್ಲಿಟ್ ಕೊಡೋದು.

ಕಬ್ಬಿಣದ_ಕಡಲೆ:
ಅರ್ಧ ನಿಮ್ಮ ಮಾತು ಸರಿ ಸಾರ್. ಸ್ಟಾರ್ಟಿಂಗ್ ಸ್ಟ್ರೆಂತ್‌ನಲ್ಲಿ ಮೇಲ್ಮೈಗೆ ಕೆಲಸ ಕಮ್ಮಿ, ಬೆನ್ನಿಗಂತೂ ಎಳೆಯೋ ವ್ಯಾಯಾಮನೇ ಕಮ್ಮಿ. ಸ್ನಾಯು ಬೆಳೀಬೇಕು ಅಂದ್ರೆ ಒಂದೊಂದು ಭಾಗಕ್ಕೂ ವಾರಕ್ಕೆ ಸುಮಾರು 10 ಗಟ್ಟಿ ಸೆಟ್ ಆದ್ರೂ ಬೇಕು ಅನ್ನೋದು ಈಗ ಹೆಚ್ಚಿನವರು ಒಪ್ಪೋ ಲೆಕ್ಕ. ಆದ್ರೆ ಆ ಹತ್ತೂ ಸೆಟ್ ಸೋಮವಾರ ಒಂದೇ ದಿನ ಚೆಸ್ಟ್‌ಗೆ ಬಡಿದು, ಮುಂದಿನ ಸೋಮವಾರದ ತನಕ ಮುಟ್ಟದೇ ಇರೋದು ಯಾವ ಲಾಭಕ್ಕೆ? ಹೊಸಬನಿಗೆ ಬೆಂಚ್ ಪ್ರೆಸ್ ಅಂದ್ರೆ ಒಂದು ಕಲಿಕೆ. ವಾರಕ್ಕೊಂದ್ಸಲ ಮಾಡಿದ್ರೆ ಕೈ ಪಳಗೋದು ಯಾವಾಗ? ಮೂರು ದಿನಕ್ಕೆ ಹಂಚಿ, ಮುಖ್ಯ ವ್ಯಾಯಾಮ ಮುಗಿದ್ಮೇಲೆ ತೋಳಿಗೆ, ಬೆನ್ನಿಗೆ ಎರಡು ಮೂರು ಸೆಟ್ ಸೇರಿಸಿದ್ರೆ ಎರಡೂ ಆಗುತ್ತೆ.

ಇನ್ನೊಂದು. ಮೂರು ದಿನ ಬರ್ತೀನಿ ಅನ್ನೋ ಹುಡುಗನಿಗೆ ಆರು ದಿನದ ಸ್ಪ್ಲಿಟ್ ಕೊಟ್ರೆ ಬಿಟ್ಟುಹೋಗೋದು ಕಾಲಿನ ದಿನಾನೇ. ನೀವೂ ನೋಡಿರ್ತೀರಿ.

ಟ್ರೇನರ್_ಚಿಕ್ಕಮಗಳೂರು:
ಹಹ್ಹಾ, ಅದಂತೂ ನಿಜ. ಶನಿವಾರ ನಮ್ಮ ಲೆಗ್ ಪ್ರೆಸ್ ಮೇಲೆ ಟವಲ್ ಒಣಹಾಕಿರ್ತಾರೆ. ಹಂಗಾದ್ರೆ ಜಿಝಡ್‌ಸಿಎಲ್‌ಪಿ ಹೇಳಿ ಅವನಿಗೆ. ಅದರಲ್ಲಿ ಮೊದಲನೇದು ಭಾರದ್ದು 5×3, ಎರಡನೇದು ಮಧ್ಯಮ 3×10, ಕೊನೇದು ಹಗುರದ್ದು 3×15. ಶಕ್ತಿ, ಮಸಲ್ ಎರಡಕ್ಕೂ ಜಾಗ ಇದೆ.

ಕಬ್ಬಿಣದ_ಕಡಲೆ:
ಒಳ್ಳೇ ಪ್ರೋಗ್ರಾಮೇ. ನನ್ನ ತಕರಾರು ಒಂದೇ, 5×3 ಆಗದೇ ಇದ್ರೆ 6×2, ಅದೂ ಆಗದೇ ಇದ್ರೆ 10×1 ಅಂತ ಹೋಗುತ್ತಲ್ಲ, ಪಕ್ಕದ ಕಂಬಿ ಇಲ್ಲದ ಸ್ಟ್ಯಾಂಡಲ್ಲಿ ಒಬ್ಬನೇ ಹುಡುಗ ಅಷ್ಟು ಭಾರದ ಒಂಟಿ ಸ್ಕ್ವಾಟ್ ಮಾಡೋದು ನಂಗಿಷ್ಟ ಇಲ್ಲ. ಸಲಕರಣೆ ಸರಿ ಇರೋ ಜಿಮ್ ಆದ್ರೆ ಕಣ್ಮುಚ್ಚಿ ಅದೇ ಹೇಳ್ತಿದ್ದೆ.

ಬೆನ್ನುಮೂಳೆ:
ಫಿಸಿಯೋಥೆರಪಿಸ್ಟ್ ನಾನು. ಸುರಕ್ಷತೆ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಒಬ್ಬರೇ ಬೆಂಚ್ ಪ್ರೆಸ್ ಮಾಡುವಾಗ ತುದಿಗೆ ಲಾಕ್ ಹಾಕಬೇಡಿ. ಎದೆಯ ಮೇಲೆ ರಾಡ್ ಸಿಕ್ಕಿಕೊಂಡರೆ ಒಂದು ಪಕ್ಕಕ್ಕೆ ವಾಲಿಸಿ ಪ್ಲೇಟ್ ಜಾರಿಸಿ ಹೊರಬರಬಹುದು, ಲಾಕ್ ಇದ್ದರೆ ಅದು ಸಾಧ್ಯವಿಲ್ಲ. ಹೆಬ್ಬೆರಳು ರಾಡ್ ಸುತ್ತ ಇರಲಿ, ಬೆರಳುಗಳ ಜೊತೆ ಒಂದೇ ಕಡೆ ಇಟ್ಟು ಹಿಡಿಯುವ ಹುಡುಗರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಸ್ಕ್ವಾಟ್ ಮೊದಲ ಕೆಲವು ವಾರ ಡಂಬೆಲ್ ಎದೆಗೆ ಅಪ್ಪಿಕೊಂಡು ಮಾಡುವ ಗಾಬ್ಲೆಟ್ ಸ್ಕ್ವಾಟ್ ಇರಲಿ. ಆಗದಿದ್ದರೆ ಡಂಬೆಲ್ ಕೆಳಗಿಟ್ಟರಾಯಿತು. ಹಿಮ್ಮಡಿ ಏಳದೆ, ತೊಡೆ ನೆಲಕ್ಕೆ ಸಮನಾಗುವಷ್ಟು ಇಳಿಯಲು ಬಂದ ಮೇಲೆ ರಾಡ್ ಹೆಗಲಿಗೆ ಹೋಗಲಿ. ಮೆತ್ತನೆ ರನ್ನಿಂಗ್ ಶೂ ಹಾಕಿ ಸ್ಕ್ವಾಟ್ ಬೇಡ, ಗಟ್ಟಿ ತಳದ ಕ್ಯಾನ್ವಾಸ್ ಶೂ ಅಥವಾ ಬರಿಗಾಲು ಮೇಲು.

ಸ್ನಾಯು ನೋವು ಎರಡು ದಿನ ಇರುವುದು ಸಹಜ. ಕಾಲಿಗೆ ಹರಿಯುವ ನೋವು, ಜೋಮು, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅದು ಬೇರೆ ವಿಷಯ, ತೋರಿಸಿಕೊಳ್ಳಿ.

ಮಲೆನಾಡ_ಮಿಂಚು:
5 ಕಿಲೋ ಜಿಗಿತದ ಬಗ್ಗೆ ಮೇಲೆ ಬಂತಲ್ಲ, ಅದು ಹುಡುಗರಿಗಿಂತ ನಮಗೆ ದೊಡ್ಡ ತಲೆನೋವು. ನನ್ನ ಓವರ್‌ಹೆಡ್ ಪ್ರೆಸ್ 20 ಕಿಲೋದಲ್ಲಿ ತಿಂಗಳುಗಟ್ಟಲೆ ಕೂತಿತ್ತು. ಅದಕ್ಕೆ ಇಲ್ಲೇ ಚಿಕ್ಕಮಗಳೂರಲ್ಲಿ ಲೇತ್ ಅಂಗಡಿಯಲ್ಲಿ ಚಿಕ್ಕ ಪ್ಲೇಟ್ ಮಾಡಿಸ್ಕೊಂಡೆ.

ಲೆಕ್ಕ ಬರ್ಕೊಳ್ಳಿ. ನಮ್ಮ ಜಿಮ್ ರಾಡ್ 25 ಮಿಮೀ ದಪ್ಪ, ಹಾಗಾಗಿ ಮಧ್ಯದ ತೂತು 28 ಮಿಮೀ. 10 ಮಿಮೀ ದಪ್ಪದ ಸಾದಾ ಕಬ್ಬಿಣದ ತಗಡಿನಲ್ಲಿ 95 ಮಿಮೀ ಅಗಲದ ಬಿಲ್ಲೆ ಕತ್ತರಿಸಿದ್ರೆ ಹತ್ತಿರ ಹತ್ತಿರ ಅರ್ಧ ಕಿಲೋ ಬರುತ್ತೆ. 145 ಮಿಮೀ ಅಗಲ ಮಾಡಿದ್ರೆ 1.25 ಕಿಲೋ. ಎರಡೆರಡು ಮಾಡಿಸಿ. ಅಲ್ಲಿಗೆ 1 ಕಿಲೋ ಏರಿಸಬಹುದು, 2.5 ಕಿಲೋನೂ ಏರಿಸಬಹುದು. ಅಂಚು ಉಜ್ಜಿಸಿಕೊಳ್ಳಿ, ಇಲ್ಲಾಂದ್ರೆ ಬೆರಳು ಕುಯ್ಯುತ್ತೆ. ನನ್ನವಕ್ಕೆ ಕೆಂಪು ಪೇಂಟ್ ಹೊಡೆದಿದ್ದೀನಿ, ಬ್ಯಾಗಲ್ಲೇ ಇರುತ್ತೆ. ಜಿಮ್ಮಲ್ಲಿ ಬಿಟ್ರೆ ಯಾರ ಮನೆಗೋ ಪೇಪರ್‌ವೇಟ್ ಆಗಿ ಹೋಗಿರುತ್ತೆ.

ಅಂದ ಹಾಗೆ "ರಾಡ್ ಎತ್ತಿದ್ರೆ ಹೆಣ್ಮಕ್ಕಳು ಗಂಡಸಿನ ಥರ ಆಗ್ತಾರೆ" ಅಂತ ಹೇಳೋ ಅತ್ತೆಯಂದಿರು ಈ ಚರ್ಚೆ ಓದ್ತಿದ್ರೆ: ಗಂಡಸರೇ ಆಗೋಕೆ ಒದ್ದಾಡ್ತಿದಾರೆ ಇಲ್ಲಿ, ನೋಡಿ.

ಹೊಸಬ_ಹಾಸನ:
ಅಕ್ಕಾ, ಸೂಪರ್. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಪರಿಚಯದ ಲೇತ್ ಅಂಗಡಿ ಇದೆ, ವಿಚಾರಿಸ್ತೀನಿ. ಈಗ ಊಟದ ಬಗ್ಗೆ ಯಾರಾದ್ರೂ ಹೇಳಿ. ಗೇನರ್ ಬೇಕೇ ಬೇಕಾ?

ತೋಟದಮನೆ:
ಬೇಡ ಮಗಾ. ಡಬ್ಬದ ಹಿಂದೆ ಬರೆದಿರೋದು ಓದು, ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಇರುತ್ತೆ. ಸಕ್ಕರೆ ಜಾತಿಯದ್ದೇ ಅದು. ಆ ಶಕ್ತಿ ಅನ್ನ, ಮುದ್ದೆ, ಬಾಳೆಹಣ್ಣಲ್ಲಿ ಸಿಗಲ್ವಾ?

ಪ್ರೋಟೀನ್ ಲೆಕ್ಕ ಹೇಳ್ತೀನಿ. ಮೈ ತೂಕದ ಕಿಲೋಗೆ 1.6 ಗ್ರಾಂ ಸಾಕು. ನಿಂಗೆ 58 ಕಿಲೋ ಅಂದ್ರೆ ಸುಮಾರು 93 ಗ್ರಾಂ. ನಾಲ್ಕು ಮೊಟ್ಟೆ 24. ಅರ್ಧ ಲೀಟರ್ ಹಾಲು 16. ಒಣಗಿದ ಸೋಯಾ ಚಂಕ್ಸ್ 50 ಗ್ರಾಂ ನೆನೆಸಿ ಪಲ್ಯ ಮಾಡಿದ್ರೆ 26. ಹುರುಳಿಕಾಳು 50 ಗ್ರಾಂ ಅಂದ್ರೆ 11. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ 7, ರಾತ್ರಿ ಒಂದೂವರೆ ಲೋಟ ಅನ್ನಕ್ಕೆ ಹತ್ತು ಅಂದ್ಕೋ. ಮುಗೀತಲ್ಲ? ಹುರುಳಿ ಕಟ್ಟು ಮಾತ್ರ ಕುಡಿದು ಕಾಳು ಹಸುವಿಗೆ ಹಾಕ್ಬೇಡ, ಪ್ರೋಟೀನ್ ಇರೋದು ಕಾಳಲ್ಲೇ. ನಮ್ಮನೇಲಿ ಬಸ್ಸಾರು ಮಾಡಿದ ದಿನ ನಾನು ಕಾಳಿನ ಪಲ್ಯ ಎರಡು ಸಲ ಹಾಕಿಸ್ಕೋತೀನಿ, ಮನೆಯವಳು ಬೈತಾಳೆ. ಅವರೆಕಾಯಿ ಸೀಸನ್ನಲ್ಲಿ ಅಂತೂ ಕೇಳೋದೇ ಬೇಡ.

ತೂಕ ಏರ್ತಿಲ್ಲ ಅಂದ್ರೆ ಪ್ರೋಟೀನ್ ಅಲ್ಲ, ಒಟ್ಟು ಊಟ ಸಾಲ್ತಿಲ್ಲ ಅಂತ. ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ, ಸಂಜೆ ಒಂದು ಹಿಡಿ ಕಡ್ಲೇಕಾಯಿ. ತಿಂಗಳಿಗೆ ಒಂದು ಕಿಲೋ ಆಸುಪಾಸು ಏರಿದ್ರೆ ನಿಂಗೆ ಸರಿಹೋಗುತ್ತೆ. ಅದಕ್ಕಿಂತ ಜೋರಾಗಿ ಏರಿಸಿದ್ರೆ ಹೊಟ್ಟೆ ಮುಂದೆ ಬರುತ್ತೆ. ದುಡ್ಡು ಮಿಕ್ಕಿದ್ರೆ ಕ್ರಿಯಾಟಿನ್ ಮೊನೋಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ತಗೋಬಹುದು, ಡಬ್ಬಗಳ ಪೈಕಿ ಕೆಲಸ ಮಾಡೋದು ಅದೊಂದೇ ಅಂತ ನನ್ನ ಅನಿಸಿಕೆ. ಕಿಡ್ನಿ ತೊಂದರೆ ಇರೋರು ಡಾಕ್ಟ್ರನ್ನ ಕೇಳ್ಲಿ. ಯಾರಾದ್ರೂ ಇಂಜೆಕ್ಷನ್ ಮಾತೆತ್ತಿದ್ರೆ ಆ ಜಿಮ್ಮೇ ಬಿಟ್ಟು ಬಾ.

ಇನ್ನೊಂದು ಮಾತು, ಕೇಳಿದ್ರೂ ಸರಿ ಬಿಟ್ರೂ ಸರಿ. ನಂದು ಮೂಡಿಗೆರೆ ಹತ್ರ ತೋಟ. ಅರೇಬಿಕಾ ಕೊಯ್ಲಿಂದ ಹಿಡಿದು ರೋಬಸ್ಟಾ ಮುಗಿಯೋವರೆಗೆ, ಅಂದ್ರೆ ಡಿಸೆಂಬರಿಂದ ಫೆಬ್ರವರಿ ಕೊನೇ ತನಕ, ಜಿಮ್‌ಗೆ ಮೂರು ದಿನ ಹೋಗೋಕೆ ಆಗೋದೇ ಇಲ್ಲ. ಇಡೀ ದಿನ ಮೂಟೆ, ಕಣ, ಲೆಕ್ಕ ಅಂತ ನಿಂತು ಸಂಜೆ ಸ್ಕ್ವಾಟ್ ಅಂದ್ರೆ ಮೈ ಕೇಳಲ್ಲ. ಆಗ ವಾರಕ್ಕೆ ಒಂದೋ ಎರಡೋ ಸಲ ಹೋಗಿ, ಸೆಟ್ ಕಮ್ಮಿ ಮಾಡಿ, ರಾಡ್ ಮೇಲಿನ ತೂಕ ಮಾತ್ರ ಕಮ್ಮಿ ಮಾಡದೆ ಎತ್ತಿ ಬರ್ತೀನಿ. ಇದ್ದ ಶಕ್ತಿ ಉಳ್ಕೊಳ್ಳುತ್ತೆ. ಮಾರ್ಚಲ್ಲಿ ಹೂಮಳೆ ಕಾಯ್ತಾ ಮತ್ತೆ ಮೂರು ದಿನಕ್ಕೆ ಬರೋದು. ನಿಂಗೆ ತೋಟ ಇಲ್ದಿದ್ರೂ ಆಫೀಸಲ್ಲಿ ಇಂಥ ತಿಂಗಳು ಬಂದೇ ಬರುತ್ತೆ. ಪೂರ್ತಿ ಬಿಡೋದಕ್ಕಿಂತ ಒಂದು ದಿನ ಹೋಗೋದು ವಾಸಿ.

ಹೊಸಬ_ಹಾಸನ:
ಅಪ್ಡೇಟ್. ರಾಡ್ ತೂಕ ನೋಡ್ದೆ. ಎಲ್ಲರೂ 20 ಅಂತಿದ್ದ ಉದ್ದದ್ದು 9 ಕಿಲೋ, ಗಿಡ್ಡದ್ದು 7! ಇಡೀ ಜಿಮ್ ಸುತ್ತ ನಿಂತು ನೋಡ್ತು. 100 ಕಿಲೋ ಬೆಂಚ್ ಮಾಡ್ತೀನಿ ಅಂತಿದ್ದ ಒಬ್ಬ ಅಣ್ಣ ಇವತ್ತು ಮಾತಾಡಿಸ್ಲಿಲ್ಲ.

ಸರ್, ಹಂಗಾದ್ರೆ ನಂಗೆ ಅಂತ ಒಂದು ಬರೆದುಕೊಡಿ. ಇನ್ನೊಂದು ಡೌಟು, ಡೆಡ್‌ಲಿಫ್ಟ್‌ಗೆ 10 ಕಿಲೋ ಪ್ಲೇಟ್ ಹಾಕಿದ್ರೆ ರಾಡ್ ತೀರಾ ನೆಲಕ್ಕೆ ಹತ್ರ ಇರುತ್ತೆ. ಬಗ್ಗಿದ್ರೆ ಬೆನ್ನು ಗೂನಾಗುತ್ತೆ.

ಕಬ್ಬಿಣದ_ಕಡಲೆ:
ಆ ಅಣ್ಣನಿಗೆ ನನ್ನ ಸಂತಾಪ.

ಡೆಡ್‌ಲಿಫ್ಟ್ ಮೊದಲು. ಸ್ಪರ್ಧೆಯ ದೊಡ್ಡ ಪ್ಲೇಟು 450 ಮಿಮೀ ಅಗಲ, ಅಂದ್ರೆ ರಾಡಿನ ನಡು ನೆಲದಿಂದ ಸುಮಾರು 22 ಸೆಂಟಿಮೀಟರ್ ಮೇಲೆ. ನಿನ್ನ ಪ್ಲೇಟ್ ಚಿಕ್ಕದು, ಹಾಗಾಗಿ ಅದರ ಕೆಳಗೆ ರಬ್ಬರ್ ಮ್ಯಾಟೋ, ಹಲಗೆಯೋ ಎರಡೂ ಕಡೆ ಸಮನಾಗಿ ಪೇರಿಸಿ ಆ ಎತ್ತರಕ್ಕೆ ತಾ. ಟೇಪ್ ಹಿಡಿದು ಅಳತೆ ಮಾಡು, ಕಣ್ಣಂದಾಜು ಬೇಡ. ಇಟ್ಟಿಗೆ ಇಡ್ಬೇಡ, ಒಡೆಯುತ್ತೆ.

ಪ್ರೋಗ್ರಾಂ ಹೀಗಿರಲಿ. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ರಜೆ, ಎರಡು ಪಟ್ಟಿ ಅದಲು ಬದಲು. ಒಂದನೇ ಪಟ್ಟೀಲಿ ಸ್ಕ್ವಾಟ್ 3×5, ಬೆಂಚ್ 3×5, ಬಾರ್ಬೆಲ್ ರೋ 3×8. ಎರಡನೇದರಲ್ಲಿ ಸ್ಕ್ವಾಟ್ 3×5, ಓವರ್‌ಹೆಡ್ ಪ್ರೆಸ್ 3×5, ಡೆಡ್‌ಲಿಫ್ಟ್ 1×5, ಆಮೇಲೆ ಪುಲ್‌ಅಪ್, ಬರದಿದ್ರೆ ಕೇಬಲ್ ಎಳೆತ 3×10. ಬೆಂಚು ಮತ್ತೆ ಪ್ರೆಸ್ಸಿನ ಕೊನೇ ಸೆಟ್ ಎಷ್ಟಾಗುತ್ತೋ ಅಷ್ಟು, ಆದ್ರೆ ಒಂದು ಬಾಕಿ ಇರುವಾಗ ನಿಲ್ಲಿಸು. ಸ್ಕ್ವಾಟಲ್ಲಿ ಐದೇ ಸಾಕು, ಕಂಬಿ ಇಲ್ಲ ಅನ್ನೋದು ನೆನಪಿರಲಿ. ಟ್ರೇನರ್ ಸಾರ್ ಬೇಜಾರಾಗದಂಗೆ ಕೊನೇಲಿ ಬೈಸೆಪ್ಸ್ ಟ್ರೈಸೆಪ್ಸ್ ಎರಡೆರಡು ಸೆಟ್, ಹನ್ನೆರಡು ಹದಿನೈದು ಸಲ.

ಸ್ಕ್ವಾಟ್ ಡಂಬೆಲ್‌ನಿಂದ ರಾಡಿಗೆ ಬಂದಾಗ ಒಟ್ಟು 20 ಕಿಲೋ ಆಸುಪಾಸಲ್ಲೇ ಶುರು ಮಾಡು. ನಾಚಿಕೆ ಪಡ್ಬೇಡ. ಪ್ರತಿ ಸಲ 2.5 ಕಿಲೋ ಅಂದ್ರೂ ವಾರಕ್ಕೆ 7.5, ತಿಂಗಳಿಗೆ 30 ಕಿಲೋ ಏರುತ್ತೆ, ಹಗುರದಿಂದ ಶುರು ಮಾಡಿದ್ರೆ ಕಳ್ಕೊಳ್ಳೋದು ಏನೂ ಇಲ್ಲ. ಡೆಡ್‌ಲಿಫ್ಟ್‌ಗೆ ಮೊದಮೊದಲು 5 ಕಿಲೋ ಹಾಕು. ಪ್ರೆಸ್ಸಿಗೆ ಅಕ್ಕ ಹೇಳಿದ ಅರ್ಧ ಕಿಲೋ ಬಿಲ್ಲೆ. ಭಾರದ ಸೆಟ್ ಮಧ್ಯೆ ಮೂರು ನಿಮಿಷ ಸುಧಾರಿಸ್ಕೋ, ಮೊಬೈಲ್ ನೋಡ್ತಾ ಹತ್ತು ನಿಮಿಷ ಮಾಡ್ಬೇಡ, ಹಿಂದೆ ಕ್ಯೂ ಇರುತ್ತೆ. ಒಂದೇ ತೂಕದಲ್ಲಿ ಮೂರು ಸಲ ಸೋತ್ರೆ ಹತ್ತು ಪರ್ಸೆಂಟ್ ಇಳಿಸಿ ಮತ್ತೆ ಏರು. ಹಾಗೆ ಎರಡು ಮೂರು ಸಲ ಇಳಿಸಿದ್ರೂ ಅದೇ ಜಾಗದಲ್ಲಿ ನಿಂತ್ರೆ ಆಗ ಬಾ, 5/3/1 ಮಾತಾಡೋಣ. ಎಲ್ಲಾನೂ ಒಂದು ಸಾದಾ ನೋಟ್‌ಬುಕ್ಕಲ್ಲಿ ಬರೆದಿಡು.

ಗರಡಿ_ಹುಡುಗ:
ಬಸ್ಕಿ ಬರೆದಿಲ್ಲ.

ಕಬ್ಬಿಣದ_ಕಡಲೆ:
ಶುರುವಲ್ಲಿ ಇಪ್ಪತ್ತು ಬಸ್ಕಿ, ಹತ್ತು ದಂಡ. ಸಮಾಧಾನ ಆಯ್ತಾ?

ಮಲೆನಾಡ_ಮಿಂಚು:
ಹೊಸಬ, ಲೇತ್ ಅಂಗಡಿಗೆ ಹೋಗುವಾಗ ನಿಮ್ಮ ರಾಡಿನ ದಪ್ಪ ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ. ಎಲ್ಲಾ ಜಿಮ್ಮಲ್ಲೂ 25 ಇರಲ್ಲ, 28 ಇದ್ರೆ ತೂತು 30 ಬೇಕು. ಹೊಸ ತಗಡು ಕೇಳ್ಬೇಡಿ, ಮೂಲೇಲಿ ಬಿದ್ದಿರೋ ತುಂಡಲ್ಲೇ ಮಾಡಿಕೊಡ್ತಾರೆ, ಕಮ್ಮಿ ಆಗುತ್ತೆ.

ಹೊಸಬ_ಹಾಸನ:
ಸರಿ ಅಕ್ಕ. ನಾಲ್ಕು ಜೊತೆ ಮಾಡಿಸ್ತೀನಿ, ಜಿಮ್ಮಲ್ಲಿ ಇನ್ನೂ ಇಬ್ರು ಕೇಳ್ತಿದಾರೆ. ಒಬ್ರು ಆ 100 ಕಿಲೋ ಅಣ್ಣ.